ಕುದಿಯುವ ಬಿಂದು ಒಂದೇ, ಕರಗುವ ಬಿಂದು ಒಂದೇ: ಆದ್ರೂ ಎರಡು ಬೇರೆ ಅಣುಗಳು ಹೇಗೆ?

ಹಾಸನದ_ಪಿಯು

ಎಲ್ಲರಿಗೂ ನಮಸ್ಕಾರ. ನಾನು ದ್ವಿತೀಯ ಪಿಯುಸಿ. ಐಸೋಮರ್‌ಗಳ (ಅಣುಸೂತ್ರ ಒಂದೇ, ಜೋಡಣೆ ಬೇರೆ ಇರುವ ಅಣುಗಳು) ವಿಷಯದಲ್ಲಿ ಒಂದು ಕಡೆ ತಲೆ ಕೆಟ್ಟುಹೋಗಿದೆ.

ಬ್ಯೂಟೇನ್, ಐಸೋಬ್ಯೂಟೇನ್ ಅರ್ಥವಾಗುತ್ತದೆ. ಎರಡರಲ್ಲೂ 4 ಇಂಗಾಲ, 10 ಹೈಡ್ರೋಜನ್. ಒಂದು ನೇರ ಸರಪಳಿ, ಇನ್ನೊಂದಕ್ಕೆ ಕವಲು. ಒಂದು ಮೈನಸ್ 0.5 ಡಿಗ್ರಿಗೆ ಕುದಿಯುತ್ತದೆ, ಇನ್ನೊಂದು ಮೈನಸ್ 11.7ಕ್ಕೆ. ಜೋಡಣೆ ಬೇರೆ, ಗುಣ ಬೇರೆ. ಒಪ್ಪಿದೆ.

ಆದರೆ ಆಪ್ಟಿಕಲ್ ಐಸೋಮರ್‌ಗೆ (ಒಂದಕ್ಕೊಂದು ಕನ್ನಡಿ ಬಿಂಬವಾಗಿರುವ ಜೋಡಿ) ಬಂದಾಗ ಪುಸ್ತಕ ಏನು ಹೇಳುತ್ತೆ ನೋಡಿ. ಕರಗುವ ಬಿಂದು ಒಂದೇ, ಕುದಿಯುವ ಬಿಂದು ಒಂದೇ, ಸಾಂದ್ರತೆ ಒಂದೇ, ರಾಸಾಯನಿಕ ಗುಣವೂ ಒಂದೇ. ಧ್ರುವೀಕೃತ ಬೆಳಕನ್ನು (ಒಂದೇ ಸಮತಲದಲ್ಲಿ ಕಂಪಿಸುವ ಬೆಳಕು) ಒಂದು ಬಲಕ್ಕೆ ತಿರುಗಿಸುತ್ತದೆ, ಇನ್ನೊಂದು ಎಡಕ್ಕೆ, ಅಷ್ಟೇ. ಮುಂದಿನ ಪುಟದಲ್ಲೇ, ಒಂದು ಔಷಧಿಯಾಗಿ ಕೆಲಸ ಮಾಡುತ್ತೆ, ಇನ್ನೊಂದು ಮಾಡಲ್ಲ ಅಂತಾರೆ. ಎಲ್ಲಾ ಗುಣ ಒಂದೇ ಆದ್ರೆ ದೇಹಕ್ಕೆ ಹೇಗೆ ಗೊತ್ತಾಗುತ್ತೆ? ಕ್ಲಾಸಿನಲ್ಲಿ ಕೇಳಿದೆ. "ಒಂದರ ಮೇಲೊಂದು ಕೂರದ ಕನ್ನಡಿ ಬಿಂಬಗಳು ಅಂತ ಬರಿ, ಎರಡು ಮಾರ್ಕ್ಸ್ ಸಿಗುತ್ತೆ" ಅಂದರು.

ಬೆಂಜೀನ್_ಮೇಷ್ಟ್ರು

ಒಳ್ಳೆ ಪ್ರಶ್ನೆ ತಂಗಿ. ಎರಡು ಮಾರ್ಕ್ಸಿನದ್ದಲ್ಲ ಇದು.

ಪುಸ್ತಕ ಅರ್ಧ ವಾಕ್ಯ ನುಂಗಿಬಿಟ್ಟಿದೆ. "ಎಡ-ಬಲ ಇಲ್ಲದ ವಸ್ತುವಿನ ಎದುರು ಎಲ್ಲಾ ಗುಣವೂ ಒಂದೇ" ಅಂತ ಇರಬೇಕಿತ್ತು. ಬೆಂಕಿಗೆ ಎಡ-ಬಲ ಇಲ್ಲ. ನೀರಿಗೆ ಇಲ್ಲ. ಸೋಡಿಯಂ ಹೈಡ್ರಾಕ್ಸೈಡ್‌ಗೂ ಇಲ್ಲ. ಹಾಗಾಗಿ ಇವುಗಳಿಂದ ಪರೀಕ್ಷೆ ಮಾಡಿದರೆ ಎರಡೂ ಒಂದೇ ಥರ ಕಾಣುತ್ತವೆ.

ಒಂದು ಜೊತೆ ಚಪ್ಪಲಿ ತಗೊಂಡು ತಕ್ಕಡಿಗೆ ಹಾಕು. ತೂಕ ಒಂದೇ. ಅಳತೆಪಟ್ಟಿ ಹಿಡಿ, ಉದ್ದ ಒಂದೇ. ಈಗ ಎಡಗಾಲಿನ ಚಪ್ಪಲಿಯನ್ನು ಬಲಗಾಲಿಗೆ ಹಾಕಿಕೊಂಡು ನಾಲ್ಕು ಹೆಜ್ಜೆ ನಡಿ. ತಕ್ಕಡಿಗೆ ತಿಳಿಯದ್ದು ಕಾಲಿಗೆ ತಕ್ಷಣ ತಿಳಿಯುತ್ತೆ, ಯಾಕಂದ್ರೆ ಕಾಲಿಗೇ ಎಡ-ಬಲ ಇದೆ.

ನಮ್ಮ ದೇಹದ ಪ್ರೋಟೀನ್‌ಗಳು ಅಮೈನೋ ಆಮ್ಲಗಳಿಂದ ಆಗಿವೆ. ಗ್ಲೈಸಿನ್ ಒಂದನ್ನು ಬಿಟ್ಟರೆ ಅವೆಲ್ಲ ಕೈರಲ್, ಅಂದರೆ ಎಡ-ಬಲ ಇರುವವು, ಮತ್ತು ಎಲ್ಲವೂ ಎಲ್ ರೂಪದವು. ಅದರ ಕನ್ನಡಿ ಬಿಂಬದ ರೂಪಕ್ಕೆ ಡಿ ಅಂತಾರೆ. ಅಂದರೆ ಪ್ರೋಟೀನ್ ಒಂದು ಕಾಲಿನ ಹಾಗೆ. ಔಷಧಿಯ ಬಲ ಅಣು ಅದಕ್ಕೆ ಅಂಟಿಕೊಂಡಾಗ "ಬಲ-ಎಲ್" ಜೋಡಿ ಆಗುತ್ತದೆ. ಎಡ ಅಣು ಅಂಟಿಕೊಂಡರೆ "ಎಡ-ಎಲ್" ಜೋಡಿ. ಈ ಎರಡು ಜೋಡಿಗಳು ಒಂದಕ್ಕೊಂದು ಕನ್ನಡಿ ಬಿಂಬ ಅಲ್ಲ. ಬಲ-ಎಲ್‌ನ ಬಿಂಬ ಎಡ-ಡಿ ಆಗಬೇಕು, ಆದರೆ ಡಿ ಪ್ರೋಟೀನ್ ನಮ್ಮಲ್ಲಿ ಇಲ್ಲ. ಹಾಗಾಗಿ ಎರಡು ಜೋಡಿಗಳ ಶಕ್ತಿ ಬೇರೆ, ಅಂಟುವ ಬಿಗಿ ಬೇರೆ, ಪರಿಣಾಮವೂ ಬೇರೆ.

ಹಾಸನದ_ಪಿಯು

ಅಯ್ಯೋ, ಇಷ್ಟೇನಾ! ಆ ಕೊನೆ ಪ್ಯಾರಾ ಎರಡು ಸಲ ಓದಿದೆ. ಥ್ಯಾಂಕ್ಸ್ ಸರ್. ಇದನ್ನು ಪ್ರಯೋಗ ಮಾಡಿ ನೋಡೋಕೆ ಆಗುತ್ತಾ? ಮನೆಯಲ್ಲೇ?

ಅಡುಗೆಮನೆ_ಕೆಮಿಸ್ಟ್ರಿ

ಆಗುತ್ತೆ. ಮೂಗು ಸಾಕು.

ಪುದೀನ ಎಲೆ ಕಿವುಚಿ ಮೂಸು. ಆಮೇಲೆ ಸಬ್ಬಸಿಗೆ ಬೀಜ ಜಜ್ಜಿ ಮೂಸು. ಸೊಪ್ಪಲ್ಲ, ಬೀಜವೇ ಬೇಕು. ಸೊಪ್ಪಿನ ವಾಸನೆಗೆ ಬೇರೆ ಅಣುಗಳೂ ಕಾರಣ. ಎರಡರಲ್ಲೂ ಮುಖ್ಯವಾಗಿ ಇರುವುದು ಕಾರ್ವೋನ್ ಅನ್ನುವ ಒಂದೇ ಪದಾರ್ಥ. ನಮ್ಮ ಮಾಮೂಲಿ ಪುದೀನದಲ್ಲಿ ಆರ್ ರೂಪ, ಸಬ್ಬಸಿಗೆ ಬೀಜದಲ್ಲಿ ಎಸ್ ರೂಪ. ಆರ್, ಎಸ್ ಅನ್ನುವುದು ಕನ್ನಡಿ ಬಿಂಬದ ಜೋಡಿಗೆ ಇಟ್ಟ ಗುರುತು. ಬಾಟಲಿಯಲ್ಲಿ ಶುದ್ಧವಾಗಿ ತೆಗೆದಿಟ್ಟರೆ ಕುದಿಯುವ ಬಿಂದು ಒಂದೇ. ವಾಸನೆ ಮಾತ್ರ ಅಜಗಜಾಂತರ. ಮೂಗಿನ ಒಳಗಿನ ಗ್ರಾಹಕಗಳೂ ಪ್ರೋಟೀನ್‌ಗಳೇ, ಮೇಷ್ಟ್ರು ಹೇಳಿದ ಕಾಲು ಅಲ್ಲೂ ಇದೆ.

ಶಾರ್ಟ್‌ಕಟ್_ಸರ್

ಇದೇ ಥರ ಲಿಮೋನೀನ್ ಕೂಡ. ಒಂದು ರೂಪ ಕಿತ್ತಳೆ ವಾಸನೆ, ಇನ್ನೊಂದು ನಿಂಬೆ ವಾಸನೆ. ತುಂಬಾ ಪುಸ್ತಕದಲ್ಲಿದೆ, ನೋಟ್ ಮಾಡಿಕೊಳ್ಳಿ.

ಫಾರ್ಮಾ_ಹೈದರಾಬಾದ್

ಪುಸ್ತಕದಲ್ಲಿದೆ ಸರ್, ಹಣ್ಣಿನಲ್ಲಿ ಇಲ್ಲ. ನಿಂಬೆ ಸಿಪ್ಪೆಯ ಎಣ್ಣೆಯಲ್ಲೂ ಹೆಚ್ಚಾಗಿ ಇರುವುದು ಕಿತ್ತಳೆಯಲ್ಲಿರುವ ಅದೇ ಆರ್ ಲಿಮೋನೀನ್. ನಿಂಬೆಗೆ ಆ ಘಮ ಕೊಡುವುದು ಸಿಟ್ರಾಲ್ ಅನ್ನುವ ಬೇರೆ ಅಣು. ಎಸ್ ಲಿಮೋನೀನ್‌ಗೆ ಟರ್ಪೆಂಟೈನ್ ಥರದ ವಾಸನೆ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ನಕಲು ಮಾಡುತ್ತಾ ಬಂದು ಈ ಉದಾಹರಣೆ ಗಟ್ಟಿಯಾಗಿಬಿಟ್ಟಿದೆ. ಕಾರ್ವೋನ್ ಉದಾಹರಣೆ ಮಾತ್ರ ಅಪ್ಪಟ.

ಶಾರ್ಟ್‌ಕಟ್_ಸರ್

ಇರಲಿ. ಸಿಇಟಿಯಲ್ಲಿ ಲಿಮೋನೀನ್ ಕೇಳಲ್ಲ. ಕೇಳುವುದು "ಎಷ್ಟು ಐಸೋಮರ್" ಅಂತ. ಅದಕ್ಕೆ ಸೂತ್ರ ಇದೆ: ಕೈರಲ್ ಇಂಗಾಲಗಳ (ನಾಲ್ಕು ಬೇರೆ ಬೇರೆ ಗುಂಪು ಅಂಟಿರುವ ಇಂಗಾಲ) ಸಂಖ್ಯೆ ಎನ್ ಆದರೆ, 2ರ ಘಾತ ಎನ್. ಗ್ಲುಕೋಸ್‌ನ ತೆರೆದ ಸರಪಳಿಯಲ್ಲಿ 4 ಇವೆ, ಹಾಗಾಗಿ 16. ಮೆಂಥಾಲ್‌ನಲ್ಲಿ 3, ಹಾಗಾಗಿ 8. ಮುಗೀತು.

ಬೆಂಜೀನ್_ಮೇಷ್ಟ್ರು

ಕರ್ಪೂರಕ್ಕೆ ಎಷ್ಟು ಹೇಳಿ ನೋಡೋಣ ಸರ್.

ಶಾರ್ಟ್‌ಕಟ್_ಸರ್

ಎರಡು ಕೈರಲ್ ಇಂಗಾಲ. 4.

ಬೆಂಜೀನ್_ಮೇಷ್ಟ್ರು

ಎರಡೇ.

ಕರ್ಪೂರದ ಅಣುವಿನಲ್ಲಿ ಆರು ಇಂಗಾಲಗಳ ಒಂದು ಉಂಗುರ ಇದೆ. ಅದರ ಎದುರುಬದುರು ತುದಿಗಳನ್ನು ಒಂದೇ ಇಂಗಾಲದ ಸೇತುವೆ ಕಟ್ಟಿಹಾಕಿದೆ. ಆ ಎರಡು ತುದಿಗಳೇ ಕೈರಲ್ ಇಂಗಾಲಗಳು. ಸೇತುವೆ ಎಷ್ಟು ಗಿಡ್ಡ ಅಂದರೆ, ಒಂದು ತುದಿಯ ದಿಕ್ಕು ತೀರ್ಮಾನವಾದ ಕೂಡಲೇ ಇನ್ನೊಂದರದ್ದೂ ತೀರ್ಮಾನವಾಗಿಬಿಡುತ್ತದೆ. ಉಳಿದ ಎರಡು ಸಾಧ್ಯತೆಗಳು ಕಾಗದದ ಮೇಲೆ ಮಾತ್ರ.

ಟಾರ್ಟಾರಿಕ್ ಆಮ್ಲದ್ದು ಇನ್ನೊಂದು ಕಥೆ. ಅಲ್ಲಿಯೂ 2 ಕೈರಲ್ ಇಂಗಾಲ, ಆದರೆ ಐಸೋಮರ್ 3. ಒಂದು ಬಲ, ಒಂದು ಎಡ, ಇನ್ನೊಂದು ಮೀಸೋ. ಮೀಸೋದಲ್ಲಿ ಅಣುವಿನ ಅರ್ಧ ಭಾಗ ಇನ್ನರ್ಧದ ಕನ್ನಡಿ ಬಿಂಬ, ಹಾಗಾಗಿ ಬೆಳಕು ತಿರುಗುವುದಿಲ್ಲ.

ನಿಮ್ಮ ಸೂತ್ರ ಹೇಳುವುದು "ಇದಕ್ಕಿಂತ ಜಾಸ್ತಿ ಆಗಲ್ಲ" ಅಂತ. "ಇಷ್ಟೇ" ಅಂತ ಅಲ್ಲ.

ಶಾರ್ಟ್‌ಕಟ್_ಸರ್

ಮೇಷ್ಟ್ರೇ, 80 ನಿಮಿಷಕ್ಕೆ 60 ಪ್ರಶ್ನೆ. ಸೇತುವೆ ನೋಡುತ್ತಾ ಕೂತರೆ ಗತಿ ಏನು?

ಬೆಂಜೀನ್_ಮೇಷ್ಟ್ರು

ಸಮ್ಮಿತಿ ಇದೆಯಾ, ಉಂಗುರ ಇದೆಯಾ ಅಂತ ನೋಡೋಕೆ ಹತ್ತು ಸೆಕೆಂಡ್ ಸಾಕು ಸ್ವಾಮಿ. ಮೀಸೋವನ್ನು ಸಿಇಟಿಯಲ್ಲೂ ಕೇಳುತ್ತಾರೆ.

ಆಲೆಮನೆ_ಹುಡುಗ

ಮಧ್ಯೆ ಒಂದು ಪ್ರಶ್ನೆ. ಪೂಜೆಗೆ ಹಚ್ಚುವ ಕರ್ಪೂರ ಬಲವಾ, ಎಡವಾ?

ಫಾರ್ಮಾ_ಹೈದರಾಬಾದ್

ಮರದಿಂದ ತೆಗೆದ ಕರ್ಪೂರ ಬಲಕ್ಕೆ ತಿರುಗಿಸುವ ರೂಪ. ಅಂಗಡಿಯ ಬಿಲ್ಲೆ ಕರ್ಪೂರ ಸಾಮಾನ್ಯವಾಗಿ ಕಾರ್ಖಾನೆಯದ್ದು, ಪೈನ್ ಮರದ ರಾಳದಿಂದ ಬರುವ ಟರ್ಪೆಂಟೈನ್‌ನಿಂದ ತಯಾರಿಸಿದ್ದು. ಅದರಲ್ಲಿ ಎಡ-ಬಲ ಎರಡೂ ಬೆರೆತಿರುತ್ತವೆ. ಆರತಿಗೆ ವ್ಯತ್ಯಾಸ ಇಲ್ಲ, ಎರಡೂ ಒಂದೇ ಥರ ಉರಿಯುತ್ತವೆ. ಬೆಂಕಿಗೆ ಎಡ-ಬಲ ಇಲ್ಲ ಅಂತ ಮೇಷ್ಟ್ರು ಆಗಲೇ ಹೇಳಿದ್ದಾರಲ್ಲ.

ಹಾಸನದ_ಪಿಯು

ಟಾರ್ಟಾರಿಕ್ ಆಮ್ಲ ಅಂದ್ರಿ ಅಲ್ವಾ ಸರ್. ಫ್ರಾನ್ಸಿನ ವಿಜ್ಞಾನಿ ಪಾಶ್ಚರ್ ಚಿಮಟದಲ್ಲಿ ಹರಳು ಆರಿಸಿದ್ದು ಅದರದ್ದೇ ಅಂತ ಪುಸ್ತಕದಲ್ಲಿ ಒಂದು ಸಾಲು ಇದೆ. ಎಲ್ಲಾ ಗುಣ ಒಂದೇ ಆದ್ರೆ ಚಿಮಟದಲ್ಲಿ ಬೇರೆ ಮಾಡಿದ್ದು ಹೇಗೆ?

ಬೆಂಜೀನ್_ಮೇಷ್ಟ್ರು

ಟಾರ್ಟಾರಿಕ್ ಆಮ್ಲ ನಿಮಗೆ ಹೊಸದೇನಲ್ಲ. ಹುಣಸೆಹಣ್ಣಿನ ಹುಳಿಗೆ ಮುಖ್ಯ ಕಾರಣ ಅದೇ, ಅಲ್ಲಿರುವುದು ಬಲಕ್ಕೆ ತಿರುಗಿಸುವ ರೂಪ. ಫ್ರಾನ್ಸಿನವರಿಗೆ ಅದು ದ್ರಾಕ್ಷಿ ರಸದ ಪೀಪಾಯಿಯ ತಳದಲ್ಲಿ ಸಿಗುತ್ತಿತ್ತು. ಜೊತೆಗೆ ರೇಸಿಮಿಕ್ ಆಮ್ಲ ಅಂತ ಇನ್ನೊಂದೂ ಸಿಕ್ಕಿತ್ತು. ಅದರ ಅಣುಸೂತ್ರವೂ ಅದೇ, ಆದರೆ ಬೆಳಕನ್ನು ಒಂಚೂರೂ ತಿರುಗಿಸುತ್ತಿರಲಿಲ್ಲ. ಇದೇ ಒಗಟು.

1848ರಲ್ಲಿ, 25ರ ವಯಸ್ಸಿನ ಪಾಶ್ಚರ್ ಆ ಆಮ್ಲದ ಸೋಡಿಯಂ ಅಮೋನಿಯಂ ಲವಣವನ್ನು ಹರಳುಗಟ್ಟಿಸಿ ಸೂಕ್ಷ್ಮವಾಗಿ ನೋಡಿದ. ಹರಳಿನ ಒಂದು ಮೂಲೆಯಲ್ಲಿ ಚಿಕ್ಕ ಓರೆ ಮುಖ. ಕೆಲವು ಹರಳುಗಳಲ್ಲಿ ಅದು ಬಲಕ್ಕೆ, ಕೆಲವದರಲ್ಲಿ ಎಡಕ್ಕೆ. ಒಂದೊಂದಾಗಿ ಆರಿಸಿ ಎರಡು ಗುಡ್ಡೆ ಮಾಡಿ, ಬೇರೆ ಬೇರೆ ಕರಗಿಸಿದ. ಒಂದು ಬಲಕ್ಕೆ ತಿರುಗಿಸಿತು, ಇನ್ನೊಂದು ಅಷ್ಟೇ ಪ್ರಮಾಣದಲ್ಲಿ ಎಡಕ್ಕೆ. ಹಿರಿಯ ವಿಜ್ಞಾನಿ ಬಿಯೋ ನಂಬಲಿಲ್ಲ. ತನ್ನ ಕಣ್ಣೆದುರೇ, ತಾನೇ ಕೊಟ್ಟ ಪದಾರ್ಥದಿಂದ ಮಾಡಿ ತೋರಿಸು ಅಂದ. ಪಾಶ್ಚರ್ ಮಾಡಿ ತೋರಿಸಿದ.

ಅದೃಷ್ಟವೂ ಇತ್ತು ಅನ್ನಿ. ಈ ಲವಣ ಸುಮಾರು 27 ಡಿಗ್ರಿಗಿಂತ ತಣ್ಣಗಿದ್ದರೆ ಮಾತ್ರ ಎಡ ಹರಳು, ಬಲ ಹರಳು ಅಂತ ಬೇರೆ ಬೇರೆಯಾಗಿ ಕೂರುತ್ತದೆ. ಅದಕ್ಕಿಂತ ಬಿಸಿಯಾದರೆ ಎರಡೂ ಸೇರಿದ ಒಂದೇ ಥರದ ಹರಳು ಬರುತ್ತದೆ. ಪ್ಯಾರಿಸ್ ಆದ್ದರಿಂದ ಬದುಕಿದ. ಬೇಸಿಗೆಯಲ್ಲಿ ರಾಯಚೂರಿನಲ್ಲಿ ಕೂತಿದ್ದರೆ ಚಿಮಟ ಬಿಸಾಕಿ ಮನೆಗೆ ಹೋಗುತ್ತಿದ್ದ.

ಹಾಸನದ_ಪಿಯು

ಹಾಗಾದ್ರೆ ಸಮಸಮ ಬೆರೆಸಿದ ಮಿಶ್ರಣದ ಕರಗುವ ಬಿಂದುವೂ ಅದೇ ಇರಬೇಕಲ್ಲ?

ಫಾರ್ಮಾ_ಹೈದರಾಬಾದ್

ಇಲ್ಲ, ಇಲ್ಲೇ ಮಜಾ ಇರೋದು. ಶುದ್ಧ ಬಲ ಟಾರ್ಟಾರಿಕ್ ಆಮ್ಲ ಸುಮಾರು 170 ಡಿಗ್ರಿಗೆ ಕರಗುತ್ತದೆ, ಶುದ್ಧ ಎಡವೂ ಅಷ್ಟಕ್ಕೇ. ಎರಡೂ ಸಮವಾಗಿ ಸೇರಿದ ರೇಸಿಮಿಕ್ ಆಮ್ಲ ಸುಮಾರು 206ಕ್ಕೆ. ಬಲ ಅಣುವಿನ ಪಕ್ಕ ಎಡ ಅಣು ಕೂತರೆ ಹರಳು ಬಿಗಿಯಾಗಿ ಕಟ್ಟಿಕೊಳ್ಳುತ್ತದೆ. ಬಲ ಅಣುವಿನ ನೆರೆಯಲ್ಲಿ ಬಲ ಇದೆಯೋ ಎಡ ಇದೆಯೋ ಅನ್ನುವುದೇ ಕರಗುವ ಬಿಂದುವನ್ನು ಬದಲಾಯಿಸಿತು. ನಿನ್ನ ಮೊದಲ ಪ್ರಶ್ನೆಗೆ ಮೇಷ್ಟ್ರು ಕೊಟ್ಟ ಉತ್ತರಕ್ಕೆ ಇದಕ್ಕಿಂತ ಚೆಂದದ ಸಾಕ್ಷಿ ಇಲ್ಲ. ಇಲ್ಲಿ ಪ್ರೋಟೀನೂ ಬೇಕಾಗಲಿಲ್ಲ ನೋಡು.

ಪೋಲ್_ಬ್ರಿಕ್ಸ್

ಬೆಳಕು ತಿರುಗಿಸುವುದನ್ನು "ಅಷ್ಟೇ" ಅಂದುಬಿಟ್ಟೆಯಲ್ಲಮ್ಮ, ನಮ್ಮ ಹೊಟ್ಟೆಪಾಡು ನಡೆದದ್ದೇ ಅದರಿಂದ.

ಮಂಡ್ಯ ಕಡೆ ಸಕ್ಕರೆ ಕಾರ್ಖಾನೆ ಲ್ಯಾಬಿನಲ್ಲಿದ್ದವನು ನಾನು. ಕಬ್ಬಿನ ರಸಕ್ಕೆ ದಿನವೂ ಎರಡು ಅಳತೆ. ಬ್ರಿಕ್ಸ್ ಅಂದರೆ ರಸದಲ್ಲಿ ಕರಗಿರುವ ಒಟ್ಟು ಘನ ಪದಾರ್ಥ. ಪೋಲ್ ಅಂದರೆ ಪೋಲಾರಿಮೀಟರ್ (ಬೆಳಕು ಎಷ್ಟು ತಿರುಗಿತು ಅಂತ ಅಳೆಯುವ ಯಂತ್ರ) ತೋರಿಸುವ ಸಕ್ಕರೆ. 26 ಗ್ರಾಂ ಶುದ್ಧ ಸಕ್ಕರೆಯನ್ನು 100 ಮಿಲಿಲೀಟರ್ ದ್ರಾವಣ ಮಾಡಿ 200 ಮಿಲಿಮೀಟರ್ ಕೊಳವೆಯಲ್ಲಿ ಹಾಕಿದರೆ ಮುಳ್ಳು ಸರಿಯಾಗಿ 100ಕ್ಕೆ ನಿಲ್ಲಬೇಕು. ಪೋಲನ್ನು ಬ್ರಿಕ್ಸಿನಿಂದ ಭಾಗಿಸಿ ನೂರರಿಂದ ಗುಣಿಸಿದರೆ ಪ್ಯೂರಿಟಿ. ಕಾರ್ಖಾನೆಯ ಲೆಕ್ಕಾಚಾರ ಎಲ್ಲ ಅದರ ಮೇಲೆ.

ಈಗ ಕಬ್ಬು ಕಡಿದು ಗಾಡಿಯಲ್ಲೇ ಬಿಸಿಲಿಗೆ ಒಣಗುತ್ತಾ ನಿಂತಿದೆ ಅನ್ನು. ಸುಕ್ರೋಸ್, ಅಂದರೆ ನಮ್ಮ ಸಕ್ಕರೆ, ನೀರಿನ ಜೊತೆ ಸೇರಿ ಗ್ಲುಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆಯುತ್ತದೆ. ಇವೆರಡೂ ಐಸೋಮರ್‌ಗಳೇ. ಎರಡಕ್ಕೂ 6 ಇಂಗಾಲ, 12 ಹೈಡ್ರೋಜನ್, 6 ಆಮ್ಲಜನಕ. ಒಂದು ಆಲ್ಡಿಹೈಡ್, ಇನ್ನೊಂದು ಕೀಟೋನ್. ಸುಕ್ರೋಸ್‌ನ ತಿರುವು ಪ್ಲಸ್ 66.5 ಡಿಗ್ರಿ, ಪ್ಲಸ್ ಅಂದರೆ ಬಲಕ್ಕೆ. ಗ್ಲುಕೋಸ್ ಪ್ಲಸ್ 52.7. ಫ್ರಕ್ಟೋಸ್ ಸುಮಾರು ಮೈನಸ್ 92. ಗ್ಲುಕೋಸ್, ಫ್ರಕ್ಟೋಸ್ ಸಮಸಮ ಆದರೆ ಒಟ್ಟು ಸುಮಾರು ಮೈನಸ್ 20. ಬಲಕ್ಕಿದ್ದದ್ದು ಎಡಕ್ಕೆ ಹೊರಳಿತು.

ಮಜಾ ಏನಂದ್ರೆ, ಬ್ರಿಕ್ಸ್ ಬೀಳುವುದಿಲ್ಲ. 342 ಗ್ರಾಂ ಸುಕ್ರೋಸ್ 18 ಗ್ರಾಂ ನೀರು ಕುಡಿದು 360 ಗ್ರಾಂ ಆಗುತ್ತದೆ, ಹಾಗಾಗಿ ಒಂಚೂರು ಏರುತ್ತದೆ ಕೂಡ. ನಾಲಿಗೆಗೂ ರಸ ಸಿಹಿಯಾಗೇ ಇರುತ್ತದೆ. ಪೋಲ್ ಮಾತ್ರ ಕುಸಿದಿರುತ್ತದೆ. ರೈತರು ಬಂದು "ರಸ ಇಷ್ಟು ಸಿಹಿ ಇದೆ, ಇಳುವರಿ ಯಾಕೆ ಕಮ್ಮಿ ತೋರಿಸ್ತೀರಿ" ಅಂತ ಜಗಳಕ್ಕೆ ನಿಲ್ಲುತ್ತಿದ್ದರು. ಅವರ ನಾಲಿಗೆಯೂ ಸುಳ್ಳು ಹೇಳುತ್ತಿರಲಿಲ್ಲ, ನಮ್ಮ ಯಂತ್ರವೂ ಸುಳ್ಳು ಹೇಳುತ್ತಿರಲಿಲ್ಲ. ಕಾದದ್ದಕ್ಕೆ ನಷ್ಟ ಯಾರು ಹೊರಬೇಕು ಅನ್ನುವುದು ಬೇರೆ ಮಾತು, ಅದು ಇಲ್ಲಿ ಬೇಡ.

ಯಂತ್ರಕ್ಕೂ ಮೋಸ ಆಗುವುದುಂಟು. ಹಳಸಿದ ಕಬ್ಬಿನಲ್ಲಿ ಬ್ಯಾಕ್ಟೀರಿಯಾ ಡೆಕ್ಸ್‌ಟ್ರಾನ್ ಅನ್ನುವ ಅಂಟು ಮಾಡುತ್ತದೆ. ಅದು ಬೆಳಕನ್ನು ಬಲಕ್ಕೆ ಸುಕ್ರೋಸ್‌ಗಿಂತ ಸುಮಾರು ಮೂರು ಪಟ್ಟು ಜಾಸ್ತಿ ತಿರುಗಿಸುತ್ತದೆ. ಆಗ ಕೆಟ್ಟ ಕಬ್ಬೂ ಒಳ್ಳೆ ಪೋಲ್ ತೋರಿಸುತ್ತದೆ. ಬರೀ ಮುಳ್ಳು ನೋಡುವವನು ಖುಷಿಪಡುತ್ತಾನೆ. ಸಕ್ಕರೆ ಹರಳುಗಟ್ಟುವಾಗ ಅಳುತ್ತಾನೆ.

ಆಲೆಮನೆ_ಹುಡುಗ

ಅಣ್ಣ, ಹಾಗಾದರೆ ನಮ್ಮ ಆಲೆಮನೆಯಲ್ಲಿ ಹಳೇ ಕಬ್ಬು ಅರೆದಾಗ ಬೆಲ್ಲ ಅಚ್ಚು ಕೂರದೆ ಜಿಗುಟಾಗೋದು ಇದಕ್ಕೇನಾ? ಅಪ್ಪ ಯಾವಾಗಲೂ ಕಬ್ಬಿನ ತಳಿಯನ್ನು ಬೈತಾರೆ.

ಪೋಲ್_ಬ್ರಿಕ್ಸ್

ತಳಿಯೂ ಕಾರಣ ಇರಬಹುದು, ಆದರೆ ದೊಡ್ಡ ಪಾಲು ಇದರದ್ದೇ. ಗ್ಲುಕೋಸ್, ಫ್ರಕ್ಟೋಸ್ ಜಾಸ್ತಿಯಾದರೆ ಸುಕ್ರೋಸ್ ಹರಳುಗಟ್ಟಲು ಬಿಡುವುದಿಲ್ಲ, ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತವೆ. ಕೊಪ್ಪರಿಗೆಗೆ ಸುಣ್ಣದ ತಿಳಿ ಹಾಕುತ್ತೀರಲ್ಲ, ಅದು ಕಸ ತೆಗೆಯಲು ಮಾತ್ರ ಅಲ್ಲ. ಹುಳಿ ಇದ್ದರೆ ಸುಕ್ರೋಸ್ ಬೇಗ ಒಡೆಯುತ್ತದೆ. ಸುಣ್ಣ ಹುಳಿ ಮುರಿಯುತ್ತದೆ. ಕಡಿದ ದಿನವೇ ಅರೆಯಿರಿ, ಅರ್ಧ ತೊಂದರೆ ತಪ್ಪುತ್ತದೆ.

ರೇಷ್ಮೆಗೂಡು

ಎಲ್ಲರೂ ಎಡ-ಬಲದಲ್ಲೇ ಮುಳುಗಿದ್ದೀರಿ. ಸಿಸ್-ಟ್ರಾನ್ಸ್‌ಗೂ ಸ್ವಲ್ಪ ಜಾಗ ಕೊಡಿ. ದ್ವಿಬಂಧದ ಎರಡು ಕಡೆಯ ಸರಪಳಿಗಳು ಒಂದೇ ಬದಿಗಿದ್ದರೆ ಸಿಸ್, ಎದುರು ಬದಿಗಿದ್ದರೆ ಟ್ರಾನ್ಸ್.

ಹೆಣ್ಣು ರೇಷ್ಮೆ ಪತಂಗ ಗೂಡಿನಿಂದ ಹೊರಬಂದು ಒಂದು ವಾಸನೆ ಬಿಡುತ್ತದೆ. ಗಂಡು ಅದನ್ನು ಮೀಸೆಯಲ್ಲಿ ಹಿಡಿದು ರೆಕ್ಕೆ ಬಡಿಯುತ್ತಾ ಹೆಣ್ಣಿನ ಕಡೆ ತಿರುಗುತ್ತದೆ. ಕುಣಿಗಲ್ ಕಡೆ ಬಿತ್ತನೆ ಗೂಡಿನ ಕೆಲಸ ಮಾಡುವವರೆಲ್ಲ ದಿನಾ ನೋಡುವ ದೃಶ್ಯ. ಆ ವಾಸನೆಯ ಅಣು ಬಾಂಬಿಕಾಲ್. ಜರ್ಮನಿಯ ಬ್ಯುಟೆನಾಂಟ್ 1959ರಲ್ಲಿ ಅದನ್ನು ಗುರುತಿಸಿದ. ಸುಮಾರು 5 ಲಕ್ಷ ಹೆಣ್ಣು ಪತಂಗಗಳಿಂದ ಸಿಕ್ಕಿದ್ದು ಕೆಲವೇ ಮಿಲಿಗ್ರಾಂ.

16 ಇಂಗಾಲದ ಸರಪಳಿ, ಎರಡು ದ್ವಿಬಂಧ, ಒಂದು 10ನೇ ಇಂಗಾಲದಲ್ಲಿ, ಇನ್ನೊಂದು 12ನೇದರಲ್ಲಿ. ಒಂದೊಂದೂ ಸಿಸ್ ಅಥವಾ ಟ್ರಾನ್ಸ್ ಆಗಬಹುದು. ಒಟ್ಟು 4 ಐಸೋಮರ್. ನಾಲ್ಕನ್ನೂ ಲ್ಯಾಬಿನಲ್ಲಿ ತಯಾರಿಸಿ ಗಂಡು ಪತಂಗದ ಮುಂದೆ ಹಿಡಿದರು. 10 ಟ್ರಾನ್ಸ್, 12 ಸಿಸ್ ಇರುವ ಒಂದಕ್ಕೇ ಗಂಡು ಹುಚ್ಚೆದ್ದು ಕುಣಿದದ್ದು. ಉಳಿದವಕ್ಕೆ ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಹಾಕಬೇಕಾಯಿತು.

ಅಡುಗೆಮನೆ_ಕೆಮಿಸ್ಟ್ರಿ

ಸಿಸ್-ಟ್ರಾನ್ಸ್ ಅಂದ್ರೆ ವನಸ್ಪತಿಯ ಟ್ರಾನ್ಸ್ ಕೊಬ್ಬನ್ನೂ ಸೇರಿಸಿ. ಸಿಸ್ ರೂಪದ ಓಲಿಕ್ ಆಮ್ಲ 13-14 ಡಿಗ್ರಿಗೇ ಕರಗಿ ಎಣ್ಣೆಯಾಗಿರುತ್ತದೆ. ಅದರ ಟ್ರಾನ್ಸ್ ಜೋಡಿ ಇಲಾಯ್ಡಿಕ್ ಆಮ್ಲ ಸುಮಾರು 44ರವರೆಗೂ ಗಟ್ಟಿ. 2022ರಿಂದ ಎಣ್ಣೆ-ಕೊಬ್ಬುಗಳಲ್ಲಿ ಟ್ರಾನ್ಸ್ ಕೊಬ್ಬು ಶೇ. 2 ದಾಟುವಂತಿಲ್ಲ ಅಂತ ನಮ್ಮ ದೇಶದಲ್ಲೂ ನಿಯಮ ಇದೆ.

ಔಷಧಿ_ಅಂಗಡಿ

ಧಾರವಾಡದಿಂದ. ನಮ್ಮ ಕಪಾಟಿನಲ್ಲೂ ಇದೇ ಪಾಠ ಇದೆ ನೋಡ್ರಿ. ಸೆಟಿರಿಜಿನ್ 10 ಮಿಲಿಗ್ರಾಂ, ಲೀವೋಸೆಟಿರಿಜಿನ್ 5. ಅಮ್ಲೋಡಿಪಿನ್ 5, ಎಸ್ ಅಮ್ಲೋಡಿಪಿನ್ 2.5. ಮೊದಲನೆಯದರಲ್ಲಿ ಎರಡೂ ಐಸೋಮರ್, ಎರಡನೆಯದರಲ್ಲಿ ಕೆಲಸ ಮಾಡುವ ಒಂದೇ. ಹಾಗಾಗಿ ಅರ್ಧ ಡೋಸ್. ಗಿರಾಕಿಗಳು "ಅರ್ಧ ಪವರಿನ ಗುಳಿಗೆ ಕೊಟ್ರಿ" ಅಂತಾರ. ದಯವಿಟ್ಟು ನೀವಾಗಿ ಎರಡು ನುಂಗಬ್ಯಾಡ್ರಿ.

ಥಾಲಿಡೋಮೈಡ್ ಅನ್ನುವ ಔಷಧಿಯ ವಿಷಯ ಯಾರೂ ಎತ್ತಲಿಲ್ಲ. ಒಳ್ಳೆ ಐಸೋಮರ್ ಒಂದನ್ನೇ ಕೊಟ್ಟಿದ್ದರೆ ಅದನ್ನು ನುಂಗಿದ ಗರ್ಭಿಣಿಯರ ಮಕ್ಕಳು ಚೆನ್ನಾಗಿರುತ್ತಿದ್ದರು ಅಂತ ನಮಗೆ ಕಾಲೇಜಿನಲ್ಲಿ ಹೇಳಿದ್ದರು.

ಫಾರ್ಮಾ_ಹೈದರಾಬಾದ್

ಎಲ್ಲಾ ಕಡೆ ಹಾಗೇ ಹೇಳುತ್ತಾರೆ ಸರ್, ಆದರೆ ಅದು ಸರಿಯಲ್ಲ.

1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಮಾರಾಟ ಶುರುವಾಯಿತು. 1961ರ ಕೊನೆಯಲ್ಲಿ ವಾಪಸ್ ಪಡೆದರು. ಅಷ್ಟರಲ್ಲಿ ಹಲವು ದೇಶಗಳಲ್ಲಿ ಸಾವಿರಾರು ಮಕ್ಕಳು ಕೈಕಾಲು ಸರಿಯಾಗಿ ಬೆಳೆಯದೆ ಹುಟ್ಟಿದ್ದರು. ಅಮೆರಿಕದಲ್ಲಿ ಫ್ರಾನ್ಸಿಸ್ ಕೆಲ್ಸಿ ಅನ್ನುವ ಅಧಿಕಾರಿ ಪುರಾವೆ ಸಾಲದು ಅಂತ ಅನುಮತಿ ತಡೆದಿದ್ದರಿಂದ ಅಲ್ಲಿ ಮಾರಾಟಕ್ಕೆ ಬರಲಿಲ್ಲ.

ಗರ್ಭಕ್ಕೆ ಹಾನಿ ಮಾಡುವುದು ಎಸ್ ರೂಪ ಅನ್ನುತ್ತಾರೆ, ನಿಜ. ಆದರೆ ಈ ಅಣುವಿನ ಕೈರಲ್ ಇಂಗಾಲದ ಪಕ್ಕದಲ್ಲೇ ಕಾರ್ಬೊನಿಲ್ (ಆಮ್ಲಜನಕದ ಜೊತೆ ದ್ವಿಬಂಧ ಇರುವ ಇಂಗಾಲ) ಇದೆ. ಹಾಗಾಗಿ ಆ ಇಂಗಾಲದ ಹೈಡ್ರೋಜನ್ ಸಲೀಸಾಗಿ ಬಿಟ್ಟುಹೋಗಿ ಮತ್ತೆ ಇನ್ನೊಂದು ಬದಿಯಿಂದ ಬಂದು ಕೂರುತ್ತದೆ. ಶುದ್ಧ ಆರ್ ನುಂಗಿದರೂ ಕೆಲವೇ ಗಂಟೆಗಳಲ್ಲಿ ರಕ್ತದಲ್ಲಿ ಎರಡೂ ಇರುತ್ತವೆ. ಬೇರೆ ಮಾಡಿ ಕೊಟ್ಟಿದ್ದರೂ ಉಪಯೋಗ ಆಗುತ್ತಿರಲಿಲ್ಲ. ಅದೇ ಔಷಧಿ ಇವತ್ತು ಕುಷ್ಠರೋಗದ ಒಂದು ತೊಡಕಿಗೆ, ಮೈಲೋಮಾ ಕ್ಯಾನ್ಸರ್‌ಗೆ ಬಳಕೆಯಲ್ಲಿದೆ, ಗರ್ಭ ಧರಿಸದಂತೆ ಬಿಗಿಯಾದ ಕಟ್ಟುಪಾಡಿನೊಂದಿಗೆ.

ಹಾಸನದ_ಪಿಯು

ಒಂದೇ ಒಂದು ಕೊನೇ ಪ್ರಶ್ನೆ. ಕೈರಲ್ ಅಂದ್ರೆ ಇಂಗಾಲಕ್ಕೆ ನಾಲ್ಕು ಬೇರೆ ಗುಂಪು ಇರಲೇಬೇಕಾ? ಮತ್ತೆ ಐಬುಪ್ರೊಫೆನ್ ಕೈರಲ್ ಅಂತಾರೆ, ಅದನ್ನು ಯಾಕೆ ಬೇರೆ ಮಾಡದೆ ಹಾಗೇ ಮಾರ್ತಾರೆ?

ಶಾರ್ಟ್‌ಕಟ್_ಸರ್

ಒಂದು ಅಂತ ಹೇಳಿ ಎರಡು ಕೇಳಿದ್ಯಲ್ಲಮ್ಮ.

ಫಾರ್ಮಾ_ಹೈದರಾಬಾದ್

ಇಂಗಾಲವೇ ಆಗಬೇಕಿಲ್ಲ. ಹೊಟ್ಟೆ ಉರಿಗೆ ತಗೊಳ್ಳುವ ಒಮೆಪ್ರಜೋಲ್‌ನಲ್ಲಿ ಕೈರಲ್ ಆಗಿರುವುದು ಗಂಧಕ. ಅದರ ಸುತ್ತ ಮೂರು ಬೇರೆ ಗುಂಪು, ನಾಲ್ಕನೇ ಜಾಗದಲ್ಲಿ ಒಂಟಿ ಎಲೆಕ್ಟ್ರಾನ್ ಜೋಡಿ. ಈಸೋಮೆಪ್ರಜೋಲ್ ಅಂದರೆ ಅದರ ಎಸ್ ರೂಪ ಮಾತ್ರ. ಕೈರಲ್ ಪರಮಾಣುವೇ ಇಲ್ಲದೆ ಇಡೀ ಅಣು ತಿರುಚಿಕೊಂಡು ಕೈರಲ್ ಆಗುವುದೂ ಉಂಟು, ಎರಡು ಬೆಂಜೀನ್ ಉಂಗುರ ಜೋಡಿಸಿದ ಕೆಲವು ಬೈಫಿನೈಲ್‌ಗಳ ಥರ.

ಐಬುಪ್ರೊಫೆನ್‌ನಲ್ಲಿ ನೋವು ಕಮ್ಮಿ ಮಾಡುವುದು ಎಸ್ ರೂಪ. ಆರ್ ರೂಪದ ದೊಡ್ಡ ಭಾಗವನ್ನು ದೇಹದ ಕಿಣ್ವವೇ ಎಸ್‌ಗೆ ತಿರುಗಿಸುತ್ತದೆ, ಆದರೆ ಎಸ್ ಅನ್ನು ಆರ್‌ಗೆ ತಿರುಗಿಸುವುದಿಲ್ಲ. ಥಾಲಿಡೋಮೈಡ್‌ನಲ್ಲಿ ಎರಡೂ ಕಡೆ ಓಡಾಟ, ಇಲ್ಲಿ ಒನ್‌ವೇ. ದೇಹವೇ ಪುಕ್ಕಟೆ ಮಾಡುವ ಕೆಲಸಕ್ಕೆ ಕಾರ್ಖಾನೆ ಯಾಕೆ ಖರ್ಚು ಮಾಡಬೇಕು? ಬೇರೆ ಮಾಡುವುದು ಅಗ್ಗವೂ ಅಲ್ಲ. ಸಾಮಾನ್ಯವಾಗಿ ನಾವು ಮಿಶ್ರಣಕ್ಕೆ ಇನ್ನೊಂದು ಶುದ್ಧ ಕೈರಲ್ ಆಮ್ಲ ಅಥವಾ ಪ್ರತ್ಯಾಮ್ಲ ಸೇರಿಸಿ ಲವಣ ಮಾಡುತ್ತೇವೆ. ಎರಡು ಲವಣಗಳ ಕರಗುವಿಕೆ ಬೇರೆ ಆದ್ದರಿಂದ ಒಂದು ಮೊದಲು ಹರಳಾಗಿ ಬೀಳುತ್ತದೆ. ಬೇಡದ ಅರ್ಧವನ್ನು ಮತ್ತೆ ರೇಸಿಮಿಕ್ ಮಾಡಿ ತಿರುಗಿಸಿ ಹಾಕದಿದ್ದರೆ ಮಾಲಿನ ಶೇ. 50 ನಷ್ಟ. ಔಷಧಿ ಪ್ರತ್ಯಾಮ್ಲ ಆಗಿದ್ದರೆ ನಾವು ಹೆಚ್ಚಾಗಿ ಸೇರಿಸುವ ಕೈರಲ್ ಆಮ್ಲ ಯಾವುದು ಗೊತ್ತಾ? ಟಾರ್ಟಾರಿಕ್ ಆಮ್ಲವೇ.